ಬೆಂಚಿನ ಮೇಲೆ ಕುಳಿತವನು



ಬೆಳಗಿನ ಕಾಫಿಗೂ ಮುನ್ನ ಮೊಬೈಲ್ ಹಿಡಿದು ಕುಳಿತ ನನ್ನನ್ನು ಕಂಡು ನನ್ನ ಶ್ರೀಮತಿಯವರು ಈಚೆಗೆ ಕೇಳುವ ಪ್ರಶ್ನೆ ಒಂದೇ: "ಇವತ್ತು ಯಾರನ್ನು ಮಾರಿದಿರಿ?" ಮೂವತ್ತನಾಲ್ಕು ವರ್ಷ ಗಣಿತ ಪಾಠ ಹೇಳಿ 2019ರಲ್ಲಿ ನಿವೃತ್ತನಾದ ನಾನು, ಈ ಅರವತ್ತಾರರ ವಯಸ್ಸಿನಲ್ಲಿ ಮನುಷ್ಯರನ್ನು ಕೊಳ್ಳುವ, ಮಾರುವ ವ್ಯಾಪಾರಕ್ಕೆ ಇಳಿದಿದ್ದೇನೆ. ಗಾಬರಿಯಾಗಬೇಡಿ. ಆ ಮನುಷ್ಯರು ಯಾರೂ ಹುಟ್ಟಿದವರಲ್ಲ. ಕಂಪ್ಯೂಟರ್ ಕಲ್ಪಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರರು.

ಈ ಗೀಳನ್ನು ಹಚ್ಚಿದವನು ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ. ಅವನು ಪ್ರೌಢಶಾಲೆ ಓದಿದ್ದು ನಮ್ಮ ಮನೆಯಲ್ಲಿದ್ದುಕೊಂಡು, ನನ್ನ ಶಾಲೆಯಲ್ಲಿಯೇ. 'ಬ್ಯಾಸ್ಕೆಟ್‌ಬಾಲ್ ಜಿಎಂ' ಎಂಬ, ದುಡ್ಡು ಕೇಳದ ಒಂದು ಕಂಪ್ಯೂಟರ್ ಆಟವಿದೆ. ಅದರಲ್ಲಿ ನಾವು ಚೆಂಡನ್ನು ಮುಟ್ಟುವುದಿಲ್ಲ. ತಂಡದ ವ್ಯವಸ್ಥಾಪಕರಾಗಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆಷ್ಟು ಸಂಬಳ ಎಂದು ನಿರ್ಧರಿಸುತ್ತೇವೆ. ಪಂದ್ಯಗಳನ್ನು ಕಂಪ್ಯೂಟರೇ ಲೆಕ್ಕ ಹಾಕಿ ಆಡಿಸಿಬಿಡುತ್ತದೆ. ಮೂವತ್ತು ತಂಡಗಳ ಪೈಕಿ ಎಂಟನ್ನು ನಮ್ಮ ಕುಟುಂಬದವರು ಮತ್ತು ಸೋದರಳಿಯನ ಹಳೆಯ ಸಹಪಾಠಿಗಳು ಹಂಚಿಕೊಂಡಿದ್ದಾರೆ. ನಾವು ಫೋನಿನಲ್ಲಿ ತಿಳಿಸಿದ ನಿರ್ಧಾರಗಳನ್ನು ಅವನು ತನ್ನ ಯಂತ್ರಕ್ಕೆ ಊಡುತ್ತಾನೆ. ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗ ತನ್ನ ತಂಡಕ್ಕೆ 'ಮದ್ದೂರು ವಡೆ' ಎಂದು ಹೆಸರಿಟ್ಟ. ಮಂಡ್ಯದ ಹೆಸರನ್ನು ಇನ್ನೊಬ್ಬರು ಹಿಡಿದುಬಿಟ್ಟಿದ್ದರು. ನನಗೆ ಉಳಿದದ್ದು, ನಾನು ಈಗ ನೆಲೆಸಿರುವ ಮಳವಳ್ಳಿ.

ನನ್ನ ಪಾಲಿಗೆ ಬಂದ ತಂಡ ಮುದಿ ತಂಡ. ಒಳ್ಳೆಯ ಆಟಗಾರರೇ ಇದ್ದರು. ಆದರೆ ಒಬ್ಬೊಬ್ಬರಿಗೂ ಮೂವತ್ತು ದಾಟಿತ್ತು, ಸಂಬಳವೂ ಜಾಸ್ತಿ. ಈ ಆಟದಲ್ಲಿ ಪ್ರತಿಯೊಬ್ಬನಿಗೂ ಎತ್ತರ, ಬಲ, ವೇಗ, ಜಿಗಿತ, ದಮ್ಮು, ಚೆಂಡು ದಾಟಿಸುವ ಕೌಶಲ ಎಂದು ಹದಿನೈದು ಬಾಬತ್ತುಗಳಲ್ಲಿ ಅಂಕಗಳಿವೆ. ಅವುಗಳ ಮೇಲೆ ಎರಡು ಒಟ್ಟು ಅಂಕಗಳು: ಒಂದು ಇಂದಿನ ಸಾಮರ್ಥ್ಯ, ಇನ್ನೊಂದು ಮುಂದೆ ಮುಟ್ಟಬಹುದಾದ ಎತ್ತರ. ಹತ್ತೊಂಬತ್ತರ ಹುಡುಗನಿಗೆ ಇಂದು ನಲವತ್ತು ಇದ್ದರೂ ನಾಳೆಯ ಅಂಕ ಎಪ್ಪತ್ತಿರಬಹುದು. ಮೂವತ್ತೆರಡರವನಿಗೆ ಎರಡೂ ಅಂಕ ಒಂದೇ. ವರ್ಷ ಕಳೆದಂತೆ ಇಳಿಯುವುದೇ ಹೆಚ್ಚು. ಮೊದಲ ವರ್ಷ ನಾವು 82 ಪಂದ್ಯಗಳಲ್ಲಿ 41 ಗೆದ್ದೆವು. ಮೇಲೆ ಹೋಗಲಿಲ್ಲ, ಕೆಳಗೂ ಬೀಳಲಿಲ್ಲ.

ಸೋದರಳಿಯ ಹೇಳಿದ: "ಮಾವ, ಎಲ್ಲರನ್ನೂ ಮಾರಿಬಿಡಿ. ಎಳೆಯ ಹುಡುಗರನ್ನು ತೆಗೆದುಕೊಂಡು ಮೂರು ವರ್ಷ ಸೋಲಿ."

ಈ ಮಾತನ್ನು ನಮ್ಮ ಕಡೆಯ ರೈತನಿಗೆ ವಿವರಿಸಬೇಕಾಗಿಲ್ಲ. ಕಬ್ಬು ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯನ್ನು ನೀವೆಲ್ಲ ನೋಡಿಯೇ ಬೆಳೆದವರು. ಕೂಳೆಗೆ ಬಿತ್ತನೆಯ ಖರ್ಚಿಲ್ಲ, ಮೊದಲ ಕೂಳೆ ಕೈಹಿಡಿಯುತ್ತದೆ. ಎರಡನೆಯದು, ಮೂರನೆಯದು ಎಂದು ಹೋದಂತೆ ಇಳುವರಿ ಕುಸಿಯುತ್ತದೆ, ರೋಗ ಸೇರುತ್ತದೆ. ಒಂದು ದಿನ ಮನಸ್ಸು ಗಟ್ಟಿ ಮಾಡಿ ಬುಡಸಮೇತ ಕಿತ್ತು, ಉತ್ತು, ಹೊಸ ತುಂಡುಗಳನ್ನು ನಾಟಿ ಮಾಡಲೇಬೇಕು. ಆಮೇಲೆ ಸುಮಾರು ವರ್ಷದ ತನಕ ಆ ಗದ್ದೆಯಿಂದ ಕಾಸಿಲ್ಲ. ಆ ಒಂದು ವರ್ಷವನ್ನು ತಡೆದುಕೊಳ್ಳಲಾರದವನು ಕೂಳೆಯನ್ನೇ ನಂಬಿ ಹಾಳಾಗುತ್ತಾನೆ.

ಅಮೆರಿಕದ ನಿಜವಾದ ಬ್ಯಾಸ್ಕೆಟ್‌ಬಾಲ್‌ನಲ್ಲಿಯೂ ಇದೇ ಕೃಷಿ ನಡೆಯುತ್ತದೆ. ಅಲ್ಲಿ ಪ್ರತಿ ವರ್ಷ ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆಯ್ದುಕೊಳ್ಳುತ್ತವೆ. ಸೋತ ತಂಡಗಳಿಗೆ ಸರದಿಯಲ್ಲಿ ಮುಂದಿನ ಸ್ಥಾನ ಸಿಗುವ ಸಂಭವ ಹೆಚ್ಚು. ಬೇಕೆಂದೇ ಸೋಲುವವರು ಹೆಚ್ಚಾದ್ದರಿಂದ 2019ರಲ್ಲಿ ನಿಯಮ ಬಿಗಿ ಮಾಡಿ, ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಸ್ಥಾನದ ಸಂಭವವನ್ನು ಸಮವಾಗಿ ಶೇಕಡಾ 14 ಎಂದು ಗೊತ್ತುಪಡಿಸಿದರು. ಅದಕ್ಕೆ ಮುಂಚೆ ಫಿಲಡೆಲ್ಫಿಯಾ ತಂಡ 2013ರಿಂದ ಮೂರು ಋತುಗಳಲ್ಲಿ ಕ್ರಮವಾಗಿ 19, 18, 10 ಪಂದ್ಯಗಳನ್ನಷ್ಟೇ ಗೆದ್ದಿತು. ಅಂದರೆ 246ರಲ್ಲಿ 47. ಅಷ್ಟು ತಪಸ್ಸು ಮಾಡಿಯೂ 2025ರ ತನಕ ಅವರಿಗೆ ಪ್ರಶಸ್ತಿ ಒಲಿಯಲಿಲ್ಲ. ಒಕ್ಲಹೋಮಾ ಸಿಟಿಯವರದು ಬೇರೆ ಕತೆ. 2019ರ ಜುಲೈನಲ್ಲಿ ಅವರು ತಮ್ಮ ಹೆಸರಾಂತ ಆಟಗಾರ ಪಾಲ್ ಜಾರ್ಜ್‌ನನ್ನು ಬಿಟ್ಟುಕೊಟ್ಟು, ಇಪ್ಪತ್ತೊಂದರ ಹೊಸ್ತಿಲಲ್ಲಿದ್ದ ಶಾಯ್ ಗಿಲ್ಜಸ್ ಅಲೆಕ್ಸಾಂಡರ್ ಎಂಬ ತರುಣನನ್ನೂ ಮುಂದಿನ ವರ್ಷಗಳ ಆಯ್ಕೆಯ ಹಕ್ಕುಗಳನ್ನೂ ಪಡೆದರು. 2021ರಲ್ಲಿ ಮುಗಿದ ಋತುವಿನಲ್ಲಿ 22 ಗೆಲುವು, ಮರುವರ್ಷ 24, ಆಮೇಲೆ 40, 57, 68. 2025ರ ಜೂನ್‌ನಲ್ಲಿ ಇಂಡಿಯಾನಾ ತಂಡವನ್ನು ಏಳು ಪಂದ್ಯಗಳ ಅಂತಿಮ ಸರಣಿಯಲ್ಲಿ ಸೋಲಿಸಿ ಚಾಂಪಿಯನ್ನರಾದರು.

ಈ ಅಂಕಿಗಳನ್ನು ಓದಿ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕುಳಿತರು. ನಾನೂ ಮಾರಿದೆ. ಮೂವತ್ತು ದಾಟಿದ ನಾಲ್ವರನ್ನು ಒಂದೇ ವಾರದಲ್ಲಿ ಸಾಗಹಾಕಿದೆ. ಹತ್ತೊಂಬತ್ತು, ಇಪ್ಪತ್ತರ ಹುಡುಗರನ್ನು ತುಂಬಿಕೊಂಡೆ. ಆ ಋತುವಿನಲ್ಲಿ ಮಳವಳ್ಳಿ ಗೆದ್ದದ್ದು 17. 'ಮದ್ದೂರು ವಡೆ'ಯ ಕೈಯಲ್ಲಿ ನಾಲ್ಕೂ ಸಲ ಸೋತಾಗ ಮೊಮ್ಮಗ, "ತಾತ, ನಿಮ್ಮ ತಂಡದವರು ಶಾಲೆಗೆ ಹೋಗಬೇಕಾದವರು" ಎಂದು ಚುಡಾಯಿಸಿದ. ಮುಂದಿನ ಋತುವಿನಲ್ಲಿ 29. ಅದರ ಮುಂದಿನದರಲ್ಲಿ 48. ಆ ಸಂತೋಷದಲ್ಲಿ ಸೋದರಳಿಯನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ: "ನೀನೇನಪ್ಪ ನನಗೆ ಹೇಳಿಕೊಡುವುದು? ಎಳೆಯರನ್ನಿಟ್ಟುಕೊಂಡು ತಂಡ ಕಟ್ಟುವುದನ್ನು ನಾನು 1996ರಲ್ಲಿಯೇ ಮಾಡಿ ತೋರಿಸಿದವನು. ನೀನೇ ಅದರಲ್ಲಿದ್ದೆಯಲ್ಲ!"

ಅವನು ಎಂದಿನಂತೆ ನಗಲಿಲ್ಲ. ಏಕೆ ನಗಲಿಲ್ಲವೆಂಬುದನ್ನು ಹೇಳಬೇಕಾದರೆ 1996ಕ್ಕೆ ಹೋಗಬೇಕು.

ಆಗ ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಾಗಿ, ಕಾಲೇಜಿನಲ್ಲಿ ಸ್ವಲ್ಪ ಬ್ಯಾಸ್ಕೆಟ್‌ಬಾಲ್ ಆಡಿದ್ದೆನೆಂಬ ಒಂದೇ ಕಾರಣಕ್ಕೆ ತಂಡದ ಹೊಣೆ ನನ್ನ ಕೊರಳಿಗೆ ಬಿತ್ತು. ಮಣ್ಣಿನ ಅಂಕಣ, ಎರಡು ಕಬ್ಬಿಣದ ಕಂಬ, ಮಳೆಗೆ ಉಬ್ಬಿದ ಮರದ ಹಲಗೆಗಳು, ಬಲೆಯಿಲ್ಲದ ಬಳೆಗಳು. ಹಿಂದಿನ ವರ್ಷ ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದ ಐವರೂ ಎಸ್.ಎಸ್.ಎಲ್.ಸಿ. ಮುಗಿಸಿ ಹೊರಟುಹೋಗಿದ್ದರು. ಉಳಿದವರಲ್ಲಿ ಹತ್ತನೆಯ ತರಗತಿಯವನು ಒಬ್ಬನೇ. ಉಳಿದವರೆಲ್ಲ ಎಂಟು, ಒಂಬತ್ತರ ಮಕ್ಕಳು.

ಆ ಹತ್ತನೆಯ ತರಗತಿಯ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಗ ನಮ್ಮಲ್ಲಿ ಓದಿದವರಿಗೆ ತಾನಾಗಿಯೇ ತಿಳಿಯುತ್ತದೆ. ಕೆ.ಎಂ. ದೊಡ್ಡಿ ಕಡೆಯ ಹಳ್ಳಿಯಿಂದ ದಿನವೂ ಏಳು ಕಿಲೋಮೀಟರ್ ಸೈಕಲ್ ತುಳಿದು ಬರುತ್ತಿದ್ದ. ಎರಡು ವರ್ಷ ದೊಡ್ಡವರ ತಂಡದಲ್ಲಿ ಬದಲಿ ಆಟಗಾರನಾಗಿ ಬೆಂಚಿನ ಮೇಲೆ ಕುಳಿತಿದ್ದ. ಚೆಂಡಿಗೆ ಗಾಳಿ ಹೊಡೆಯುವುದು, ಧೂಳೇಳದಂತೆ ಅಂಕಣಕ್ಕೆ ನೀರು ಚಿಮುಕಿಸುವುದು, ಸುಣ್ಣದ ಗೆರೆ ಎಳೆಯುವುದು, ಎಲ್ಲ ಅವನದೇ ಕೆಲಸ. ಮೂರನೆಯ ವರ್ಷ ತನ್ನ ಸರದಿಯೆಂದು ಅವನು ನಂಬಿದ್ದರೆ ಅದು ಅತ್ಯಾಸೆಯಲ್ಲ.

ನಾನು ಲೆಕ್ಕ ಹಾಕಿದೆ. ಇವನಿಗೆ ಉಳಿದಿರುವುದು ಒಂದು ವರ್ಷ, ಎಂಟನೆಯ ತರಗತಿಯ ಹುಡುಗನಿಗೆ ಮೂರು. ಇವನ ಆಟ ಸಾಧಾರಣ, ಹೊಳಪಿಲ್ಲ. ಮೈದಾನದಲ್ಲಿ ಕಳೆಯುವ ಒಂದೊಂದು ನಿಮಿಷವೂ ಬಂಡವಾಳವಾದರೆ ಅದನ್ನು ಹೆಚ್ಚು ಕಾಲ ಫಲ ಕೊಡುವ ಕಡೆ ಹೂಡಬೇಕು. ಹೀಗೆ ನಾಲ್ವರು ಎಂಟನೆಯ ತರಗತಿಯವರನ್ನೂ ಒಂಬತ್ತರ ಒಬ್ಬನನ್ನೂ ಮೊದಲ ಐವರನ್ನಾಗಿ ಮಾಡಿದೆ. ಆ ನಾಲ್ವರಲ್ಲಿ ಒಬ್ಬ ನನ್ನ ಸೋದರಳಿಯ. ಇವನು ಮತ್ತೆ ಬೆಂಚಿನ ಮೇಲೆ.

ಮದ್ದೂರಿನಲ್ಲಿ ನಡೆದ ತಾಲ್ಲೂಕು ಪಂದ್ಯಾಟದ ಮೊದಲ ಪಂದ್ಯದಲ್ಲಿಯೇ ದೊಡ್ಡ ಹುಡುಗರ ಎದುರು ನಮ್ಮ ಮಕ್ಕಳು ಹಿಂದೆ ಬಿದ್ದರು. ಇಪ್ಪತ್ತಕ್ಕೂ ಹೆಚ್ಚು ಅಂಕಗಳ ಅಂತರ, ಪಂದ್ಯ ಕೈತಪ್ಪಿತ್ತು. ಕೊನೆಗೆ ನಾಲ್ಕೈದು ನಿಮಿಷ ಉಳಿದಿದ್ದಾಗ ನಮ್ಮ ಒಬ್ಬ ಹುಡುಗ ಕಾಲು ಉಳುಕಿಸಿಕೊಂಡು ಕುಂಟುತ್ತ ಹೊರಬಂದ. ಬೆಂಚಿನಿಂದ ಇವನು ಎದ್ದು ನಿಂತು, ಅಂಗಿಯನ್ನು ಚಡ್ಡಿಯೊಳಗೆ ಸೇರಿಸಿಕೊಂಡು, "ಸಾ, ನಾನು?" ಎಂದ. ಆ ಕ್ಷಣದಲ್ಲಿ ಬೆಂಚಿನಲ್ಲಿ ನನ್ನ ಸೋದರಳಿಯನೂ ಇದ್ದ. ದಣಿದಿದ್ದನೆಂದು ಸ್ವಲ್ಪ ಹೊತ್ತಿನ ಮುಂಚೆ ನಾನೇ ಇಳಿಸಿದ್ದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಮ್ಮೆ ಹೊರಬಂದವನು ಮತ್ತೆ ಒಳಹೋಗಬಹುದು, ಎಷ್ಟು ಸಲ ಬೇಕಾದರೂ. "ನೀನು ಕೂತ್ಕೋ" ಎಂದು ಇವನಿಗೆ ಹೇಳಿ ಸೋದರಳಿಯನನ್ನು ಕಳುಹಿಸಿದೆ. ಮುಂದಿನ ವರ್ಷಕ್ಕೆ ಅವನಿಗೆ ಅನುಭವವಾಗಲಿ ಎಂಬುದು ನನ್ನ ಸಮರ್ಥನೆ.

ಸೋತೆವು. ಇವನು ಚೆಂಡುಗಳ ಚೀಲವನ್ನು ಹೆಗಲಿಗೇರಿಸಿ, ಎಲ್ಲರ ನೀರಿನ ಬಾಟಲಿಗಳನ್ನು ಎಣಿಸಿಕೊಂಡು ಬಸ್ಸು ಹತ್ತಿದ. ಮಾರ್ಚಿಯಲ್ಲಿ ಪರೀಕ್ಷೆ ಬರೆದು ಶಾಲೆ ಬಿಟ್ಟ. 1997ರಲ್ಲಿ ನಮ್ಮ ತಂಡ ಎರಡೇ ಅಂಕಗಳಿಂದ ಸೋತಿತು. 1998ರಲ್ಲಿ ತಾಲ್ಲೂಕಿಗೆ ಪ್ರಥಮವಾಗಿ ಬಂದು, ಮಂಡ್ಯದಲ್ಲಿ ನಡೆದ ಜಿಲ್ಲಾ ಮಟ್ಟದ ಪಂದ್ಯಾಟದಲ್ಲಿ ಉಪಾಂತ್ಯದವರೆಗೂ ಹೋಯಿತು. ಮುಖ್ಯೋಪಾಧ್ಯಾಯರು ಪ್ರಾರ್ಥನಾ ಸಭೆಯಲ್ಲಿ ನನ್ನ ದೂರದೃಷ್ಟಿಯನ್ನು ಹೊಗಳಿದರು. ಆ ಹೊಗಳಿಕೆಯನ್ನು ಇಪ್ಪತ್ತೇಳು ವರ್ಷ ಮನಸ್ಸಿನಲ್ಲಿ ಜೋಪಾನ ಮಾಡಿಕೊಂಡೇ ಬಂದೆ.

ಈಗ ಸೋದರಳಿಯನ ಫೋನಿಗೆ ಬರೋಣ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ: "ಮಾವ, ಆ ತಂಡ ಕಟ್ಟಿದ್ದು ನೀವಲ್ಲ. ನೀವು ಶಾಲೆಗೆ ಬರುತ್ತಿದ್ದದ್ದು ಒಂಬತ್ತೂವರೆಗೆ. ಅಣ್ಣ ಏಳು ಗಂಟೆಗೇ ಬಂದಿರುತ್ತಿದ್ದ. ಲೇ-ಅಪ್‌ಗೆ ಎರಡು ಹೆಜ್ಜೆ ಇಡುವುದನ್ನು ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ಕಲಿಸಿದವನು ಅವನು. ಎಡಗೈಯಲ್ಲಿ ಡ್ರಿಬ್ಲಿಂಗ್ ಬರಲಿ ಅಂತ ನಮ್ಮ ಬಲಗೈ ಹಿಂದಕ್ಕೆ ಕಟ್ಟುತ್ತಿದ್ದ. ನೀವು ಆಡಿಸದೆ ಹೋದ ಮಾರನೆಯ ದಿನವೂ ಬಂದಿದ್ದ. ಪರೀಕ್ಷೆ ಹತ್ತಿರ ಬರುವ ತನಕ ಬಂದ. ನೀವು ಅವನನ್ನು ಬಿಟ್ಟು ನನ್ನನ್ನು ಕಳಿಸಿದಿರಲ್ಲ, ಅವತ್ತು ನನಗೆ ಓಡಲು ಕಾಲೇ ಬರಲಿಲ್ಲ."

"ಇಷ್ಟು ವರ್ಷ ಏಕೋ ಹೇಳಲಿಲ್ಲ?"

"ನೀವು ಕೇಳಲಿಲ್ಲ ಮಾವ."

ಬೆಳಗ್ಗೆ ಎದ್ದು ಆಟಕ್ಕೆ ಹೋಗುತ್ತೇನೆಂದು ಅವನು ನಮ್ಮ ಮನೆಯಿಂದಲೇ ಹೊರಡುತ್ತಿದ್ದ. ಹುಡುಗರು ತಾವಾಗಿಯೇ ಆಡಿಕೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಸಂಜೆಯ ಅಭ್ಯಾಸದಲ್ಲಿ ಅವರು ದಿನದಿನಕ್ಕೆ ಸುಧಾರಿಸಿದ್ದನ್ನು ಕಂಡು, ನನ್ನ ಲೆಕ್ಕ ಸರಿಯಾಯಿತೆಂದು ಹಿಗ್ಗಿದ್ದೆ. ಒಂದು ಸಮೀಕರಣದ ಮುಖ್ಯವಾದ ಪದವನ್ನೇ ಬಿಟ್ಟು ಉತ್ತರ ತಾಳೆಯಾಯಿತೆಂದು ಸಂಭ್ರಮಿಸುವ ವಿದ್ಯಾರ್ಥಿಗೆ ನಾನೆಷ್ಟು ಸಲ ಕೆಂಪು ಗೆರೆ ಎಳೆದಿಲ್ಲ!

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅಂದು ಸೋದರಳಿಯನನ್ನು ಕಳುಹಿಸಿದ್ದು ಬರಿಯ ಲೆಕ್ಕದಿಂದಲೋ, ನಮ್ಮ ಮನೆಯ ಹುಡುಗನೆಂಬ ಮಮತೆಯಿಂದಲೋ? ಲೆಕ್ಕವೆಂದೇ ಅಂದು ನಂಬಿದ್ದೆ. ಮಮತೆಗೆ ಲೆಕ್ಕದ ವೇಷ ಹಾಕಿದರೆ ಹಾಕಿಕೊಂಡವನಿಗೇ ಗುರುತು ಸಿಗುವುದಿಲ್ಲ. ಬೆಂಚಿನ ಮೇಲೆ ಕುಳಿತವನಿಗೆ ಮಾತ್ರ ಸಿಗುತ್ತದೆ.

ಮುಂದಿನ ಭಾನುವಾರ ಮಳವಳ್ಳಿಯಿಂದ ಬಸ್ಸು ಹತ್ತಿ ಕೆ.ಎಂ. ದೊಡ್ಡಿಯಲ್ಲಿ ಇಳಿದೆ. ಅಲ್ಲಿಂದ ಆಟೋದಲ್ಲಿ ಅವನ ಊರು. ನಲವತ್ತೈದರ ಆಸುಪಾಸಿನ ರೈತ. ಸ್ವಂತದ್ದು, ಗುತ್ತಿಗೆಯದು ಸೇರಿಸಿ ಕಬ್ಬು, ಭತ್ತ ಬೆಳೆಯುತ್ತಾನೆ. ಗದ್ದೆಯ ಬದುವಿನ ಮೇಲೆಯೇ ಸಿಕ್ಕಿದ. ದೂರದಿಂದಲೇ ಗುರುತು ಹಿಡಿದು, ಕೈಯ ಕುಡುಗೋಲು ಕೆಳಗಿಟ್ಟು ಬಂದು ಕಾಲು ಮುಟ್ಟಿದ. ಎಳನೀರು ಕೆಡವಿಸಿದ. ಮಗಳು ಮಂಡ್ಯದಲ್ಲಿ ಪಿ.ಯು. ಓದುತ್ತಿದ್ದಾಳೆಂದು ಹೇಳಿದ. ನಾನು ಮಾತು ಹುಡುಕುತ್ತ ಹುಡುಕುತ್ತ, ಆ ದಿನ ಅವನನ್ನು ಆಡಿಸದೆ ತಪ್ಪು ಮಾಡಿದೆನೆಂದೂ, ಅವನು ಕಲಿಸಿದ್ದು ನನಗೆ ಗೊತ್ತೇ ಇರಲಿಲ್ಲವೆಂದೂ ಹೇಳಿದೆ.

"ಅಯ್ಯೋ ಬುಡಿ ಸಾ, ಅದ್ಯಾವ ಕಾಲದ ಮಾತು" ಎಂದು ನಕ್ಕ. ಎಳನೀರಿನ ಬುರುಡೆಯನ್ನು ಸೀಳಿ, ಗಂಜಿ ತೆಗೆದು ನನ್ನ ಕೈಗಿತ್ತ. ಆಮೇಲೆ ಗದ್ದೆಯ ಕಡೆ ನೋಡುತ್ತ ಹೇಳಿದ: "ಅವತ್ತು ನಮ್ಮಪ್ಪ ಬಂದಿತ್ತು ಸಾ, ಆಟ ನೋಡಕೆ. ಕೂಲಿ ಬುಟ್ಟು ಬಂದಿತ್ತು. ಬೇಲಿ ತಾವ ನಿಂತಿತ್ತು. ನಾನು ಆಡ್ತೀನಿ ಅಂತ ಹೇಳಿದ್ದೆ."

ಅಷ್ಟೇ. ಅದರಲ್ಲಿ ದೂರಿರಲಿಲ್ಲ. ಅವನ ತಂದೆ ತೀರಿಕೊಂಡು ಹತ್ತು ವರ್ಷಗಳಾಗಿವೆ. ಕ್ಷಮೆ ಕೇಳಬೇಕಾದ ಇಬ್ಬರಲ್ಲಿ ಒಬ್ಬರು ನನಗೆ ಸಿಗುವಂತಿಲ್ಲ. ಆ ಪಂದ್ಯ ಹೇಗೂ ಸೋತಿದ್ದ ಪಂದ್ಯ. ನಾಲ್ಕು ನಿಮಿಷ ಬೇಡ, ಎರಡು ನಿಮಿಷ ಅವನನ್ನು ಒಳಗೆ ಕಳುಹಿಸಿ ಮತ್ತೆ ಕರೆಸಿಕೊಂಡಿದ್ದರೆ 1998ರ ಗೆಲುವಿನಲ್ಲಿ ಒಂದು ಅಂಕವೂ ಕಡಿಮೆಯಾಗುತ್ತಿರಲಿಲ್ಲ. ಬೇಲಿಯ ಬಳಿ ನಿಂತಿದ್ದವರು ಮಗ ಓಡುವುದನ್ನು ನೋಡಿಕೊಂಡು ಮನೆಗೆ ಹೋಗುತ್ತಿದ್ದರು.

ಬಸ್ಸಿನಲ್ಲಿ ಹಿಂತಿರುಗುವಾಗ ಒಕ್ಲಹೋಮಾ ತಂಡದ ಕತೆಯಲ್ಲಿ ನಾನು ಓದಿಯೂ ಹಾರಿಸಿಬಿಟ್ಟಿದ್ದ ಒಂದು ವಿವರ ನೆನಪಾಯಿತು. ಆ ತರುಣನನ್ನು ತಂದ ತಿಂಗಳಲ್ಲಿಯೇ ಅವರಿಗೆ ಕ್ರಿಸ್ ಪಾಲ್ ಎಂಬ ಹಿರಿಯ ಆಟಗಾರನೂ ಬಂದಿದ್ದ, ವಯಸ್ಸು ಮೂವತ್ತನಾಲ್ಕು. ಒಂದು ಋತು ಪೂರ್ತಿ ಇಬ್ಬರೂ ಜೊತೆಯಾಗಿ ಆಡಿದರು, ತಂಡ 72 ಪಂದ್ಯಗಳಲ್ಲಿ 44 ಗೆದ್ದಿತು. 2020ರ ನವೆಂಬರಿನಲ್ಲಿ ಪಾಲ್ ಬೇರೆ ತಂಡಕ್ಕೆ ಹೋದ. ಆಮೇಲೆ ಬಂದ ಸೋಲಿನ ವರ್ಷಗಳನ್ನೂ ಗೆಲುವಿನ ವರ್ಷಗಳನ್ನೂ ಎಲ್ಲರೂ ಎಣಿಸುತ್ತಾರೆ. ಎಳೆಯನ ಪಕ್ಕದಲ್ಲಿ ಹಿರಿಯನಿದ್ದ ಆ ಒಂದು ವರ್ಷವನ್ನು ಯಾವ ಪಟ್ಟಿಗೆ ಸೇರಿಸುವುದು?

ಇನ್ನೂ ಹಿಂದಿನದೊಂದು ಸಂಗತಿ. ಬ್ಯಾಸ್ಕೆಟ್‌ಬಾಲ್ ಆಟವನ್ನು ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಕೂಡ ಒಬ್ಬ ಮೇಷ್ಟ್ರು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, ಚಳಿಗೆ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ಒಂದು ತರಗತಿಗಾಗಿ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿಸಿ ಈ ಆಟವನ್ನು ಮಾಡಿದರು. ತರಗತಿಯಲ್ಲಿ ಇದ್ದವರು ಹದಿನೆಂಟು ಮಂದಿ. ಒಂದೊಂದು ಕಡೆಗೆ ಒಂಬತ್ತರಂತೆ ಹದಿನೆಂಟೂ ಮಂದಿ ಆಡಿದರು. ಆ ಮೊದಲ ಆಟದಲ್ಲಿ ಯಾರೂ ಬೆಂಚಿನ ಮೇಲೆ ಕುಳಿತಿರಲಿಲ್ಲ.

ಕೂಳೆಯನ್ನು ಕೀಳಬೇಡಿ ಎಂದು ನಾನು ಹೇಳುತ್ತಿಲ್ಲ. ಎಳೆಯರಿಗೆ ಅವಕಾಶ ಕೊಡಲೇಬೇಕು. ಅಂದು ಆ ಎಂಟನೆಯ ತರಗತಿಯವರನ್ನು ಆಡಿಸಿದ್ದು ತಪ್ಪಲ್ಲವೆಂದು ಈಗಲೂ ನಂಬಿದ್ದೇನೆ. ಆದರೆ ಕಬ್ಬಿನ ಬುಡಕ್ಕೆ ಬೇಲಿಯ ಹತ್ತಿರ ಬಂದು ನಿಲ್ಲುವ ಅಪ್ಪನಿರುವುದಿಲ್ಲ. ಕಂಪ್ಯೂಟರಿನ ಹುಡುಗನಿಗೂ ಇರುವುದಿಲ್ಲ. ಶಾಲೆಯ ಮಗುವಿಗೆ ಇರುತ್ತಾನೆ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಕೆಲವರು ಕಚೇರಿಗಳಲ್ಲಿ ಹತ್ತಾರು ಜನರ ಮೇಲಿದ್ದೀರಿ. ಮುಂದಿನ ಮೂರು ವರ್ಷದ ಲೆಕ್ಕವನ್ನು ಧಾರಾಳವಾಗಿ ಹಾಕಿ. ಆ ಲೆಕ್ಕದಲ್ಲಿ ಸೇರದವನನ್ನು ಒಂದು ಸಲ ಹೆಸರು ಹಿಡಿದು ಕರೆದು, ಅವನೇನು ಮಾಡುತ್ತಿದ್ದಾನೆಂದು ಕೇಳಿ. ಬೆಳಗಿನ ಏಳು ಗಂಟೆಗೆ ಒಮ್ಮೆ ಮೈದಾನದ ಕಡೆ ಹೋಗಿ ಬನ್ನಿ. ನಾನು ಹೋಗಲಿಲ್ಲ.

ಮಳವಳ್ಳಿ ತಂಡದಲ್ಲಿ ಮೂವತ್ತಮೂರು ವರ್ಷದ ಒಬ್ಬ ಆಟಗಾರ ಇನ್ನೂ ಉಳಿದಿದ್ದಾನೆ. ಅವನನ್ನು ಬಿಡಿಸಿ ಎಳೆಯನೊಬ್ಬನಿಗೆ ಜಾಗ ಮಾಡಿ ಎಂದು ಮೊಮ್ಮಗ ಹಟ ಹಿಡಿದ. "ತಾತ, ಹಿರಿಯರು ಇದ್ದರೆ ಕಿರಿಯರು ಬೇಗ ಕಲೀತಾರೆ ಅನ್ನೋದು ಈ ಕಂಪ್ಯೂಟರ್ ಲೆಕ್ಕದಲ್ಲಿ ಇಲ್ಲ" ಎಂದ. ಗೊತ್ತು ಮರಿ, ನನ್ನ ಲೆಕ್ಕದಲ್ಲಿಯೂ ಇರಲಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬರುವ ರಜೆಗೆ ಅವನನ್ನು ಕರೆದುಕೊಂಡು ಕೆ.ಎಂ. ದೊಡ್ಡಿ ಕಡೆ ಹೋಗಬೇಕೆಂದಿದ್ದೇನೆ. ಎಡಗೈಯ ಡ್ರಿಬ್ಲಿಂಗ್ ಹೇಳಿಕೊಡಲು ಅಲ್ಲೊಬ್ಬರು ಮೇಷ್ಟ್ರಿದ್ದಾರೆ.